ಕೆಪಿಎಂಇ: ಎಲ್ಲರೂ ಬೇಡ ಅಂದ ಮಸೂದೆ ಪಾಸಾದ ಕಥೆ

2017ರ ನವೆಂಬರ್. ಅಮ್ಮನಿಗೆ ಮೂರು ದಿನದಿಂದ ಜ್ವರ. ನಾವು ಯಾವಾಗಲೂ ಹೋಗುವ ಕ್ಲಿನಿಕ್ಕಿನ ಶಟರ್ ಎಳೆದಿತ್ತು. ಅದರ ಮೇಲೆ ಒಂದು ಬಿಳಿ ಹಾಳೆ: ಇವತ್ತು ಡಾಕ್ಟರು ಸಿಗುವುದಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲೆ ಸರ್ಕಾರ ತಂದ ಹೊಸ ಮಸೂದೆ ಬೇಡ ಅಂತ ಡಾಕ್ಟರುಗಳ ಮುಷ್ಕರ. ರಿಕ್ಷಾ ಹತ್ತಿ ಮಂಗಳೂರಿನ ಹಂಪನಕಟ್ಟೆಯ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೊರಟೆವು. ದಾರಿಯಲ್ಲಿ ರಿಕ್ಷಾದವರು ಕೇಳಿದರು. "ಡಾಕ್ಟರಿಗೆ ಬೇಡವಂತೆ, ಬಿಜೆಪಿಯವರಿಗೆ ಬೇಡವಂತೆ, ಕಾಂಗ್ರೆಸ್ಸಿನವರಲ್ಲೂ ಕೆಲವರಿಗೆ ಬೇಡವಂತೆ. ಮತ್ತೆ ಯಾರಿಗೆ ಬೇಕು ಮಾರಾಯ್ರೆ ಈ ಕಾನೂನು?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹಿಂದಿನಿಂದ ನೋಡಿದರೆ ಸಿಗುತ್ತದೆ.

ಖಾಸಗಿ ಆಸ್ಪತ್ರೆಗಳಿಗೆ ಮೂಗುದಾರ ಹಾಕುವ ಯೋಚನೆ ಕರ್ನಾಟಕಕ್ಕೆ ಹೊಸದೇನಲ್ಲ. ನರ್ಸಿಂಗ್ ಹೋಮ್‌ಗಳ ಮೇಲೆ 1976ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು. ಎಲ್ಲರ ಬಾಯಲ್ಲಿ ಅದು ಕೆಪಿಎಂಇ. ಕ್ಲಿನಿಕ್, ಲ್ಯಾಬ್, ಆಸ್ಪತ್ರೆ ಯಾವುದೇ ಇರಲಿ, ನೋಂದಣಿ ಮಾಡಿಸಬೇಕು, ದರಪಟ್ಟಿ ಜನರಿಗೆ ಕಾಣುವಂತೆ ಇಡಬೇಕು. ಆದರೆ ಬಿಲ್ ನೋಡಿ ತಲೆ ತಿರುಗಿದವನು ಎಲ್ಲಿಗೆ ಹೋಗಿ ದೂರು ಕೊಡಬೇಕು? ಅದಕ್ಕೆ ಅಲ್ಲಿ ಗಟ್ಟಿಯಾದ ದಾರಿ ಇರಲಿಲ್ಲ.

2016ರಲ್ಲಿ ಸಿದ್ದರಾಮಯ್ಯ ಸರ್ಕಾರದ ಆರೋಗ್ಯ ಖಾತೆ ನಮ್ಮೂರಿನವರೇ ಆದ ಯು.ಟಿ. ಖಾದರ್ ಅವರಿಂದ ಕೆ.ಆರ್. ರಮೇಶ್ ಕುಮಾರ್ ಕೈಗೆ ಹೋಯಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಕಾಯ್ದೆಯನ್ನು ತಿದ್ದುವ ಬಗ್ಗೆ ವರದಿ ಕೊಟ್ಟಿತು. 2017ರ ಜೂನ್‌ನಲ್ಲಿ ತಿದ್ದುಪಡಿ ಮಸೂದೆ ವಿಧಾನಸಭೆಗೆ ಬಂತು. ಅದರಲ್ಲಿ ಖಾರ ಜಾಸ್ತಿಯೇ ಇತ್ತು. ಚಿಕಿತ್ಸೆಯ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ದೂರು ಕೇಳಲು ಜಿಲ್ಲೆಗೊಂದು ಸಮಿತಿ. ತಪ್ಪು ಮಾಡಿದರೆ ದೊಡ್ಡ ದಂಡ, ಜೈಲೂ ಆಗಬಹುದು. ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್ ಕಟ್ಟಿ ಅಂತ ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಬಿಲ್ ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ.

ವಿರೋಧ ಎದ್ದಿತು. ಮಸೂದೆ ಜಂಟಿ ಸದನ ಸಮಿತಿಗೆ ಹೋಯಿತು. ಯಾರು ಯಾಕೆ ಬೇಡ ಅಂದರು ಅನ್ನುವುದು ಅಲ್ಲಿಂದಲೇ ಕಲಸುಮೇಲೋಗರ ಆಯಿತು ನೋಡಿ.

ಡಾಕ್ಟರುಗಳಿಂದಲೇ ಶುರುಮಾಡೋಣ. ಹೊರಗಿನಿಂದ ನೋಡಿದರೆ ಅವರದು ಒಂದೇ ದನಿ. ಒಳಗೆ ಎರಡು ಥರದ ಹೆದರಿಕೆ ಇತ್ತು ಅಂತ ನನಗೆ ಅನ್ನಿಸುತ್ತದೆ. ದೊಡ್ಡ ಆಸ್ಪತ್ರೆಗೆ ದರ ನಿಗದಿಯ ಚಿಂತೆ. ಎಂಆರ್‌ಐ ಮೆಷಿನ್ ತಂದವನಿಗೂ ಬರೀ ಎಕ್ಸ್‌ರೇ ಇಟ್ಟವನಿಗೂ ಒಂದೇ ರೇಟು ಹೇಗೆ ಅನ್ನುವುದು ಅವರ ಲೆಕ್ಕ. ಕಾರ್ಕಳದಲ್ಲೋ ಪುತ್ತೂರಿನಲ್ಲೋ ಗಂಡ ಹೆಂಡತಿ ಇಬ್ಬರೇ ಸೇರಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರಿಗೆ ರೇಟಿನ ಚಿಂತೆ ಅಷ್ಟಿಲ್ಲ, ಅವರ ಬಿಲ್ ಹೇಗೂ ಕಮ್ಮಿ. ಅವರಿಗೆ ಹೆದರಿಕೆ ಜೈಲಿನದ್ದು. ಹೆರಿಗೆ ಕೇಸು ಕೈ ತಪ್ಪಿದರೆ ಯಾರೋ ಒಬ್ಬರು ದೂರು ಬರೆದು ಬಿಡುತ್ತಾರೆ, ಆಮೇಲೆ ಅಲೆದಾಡುವವರು ಯಾರು? ಗ್ರಾಹಕರ ಕೋರ್ಟ್ ಇದೆ, ಮೆಡಿಕಲ್ ಕೌನ್ಸಿಲ್ ಇದೆ, ಪೊಲೀಸರಿದ್ದಾರೆ, ಅದರ ಮೇಲೆ ಇದೊಂದು ಯಾಕೆ ಅಂತ ಡಾಕ್ಟರುಗಳ ಸಂಘದವರು ಕೇಳುತ್ತಿದ್ದರು. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. 1995ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಡಾಕ್ಟರುಗಳು ಗ್ರಾಹಕ ಕಾನೂನಿನ ಒಳಗೇ ಇದ್ದಾರೆ.

ಅವರ ಇನ್ನೊಂದು ಪ್ರಶ್ನೆ ಇನ್ನೂ ಚುರುಕಾಗಿತ್ತು. ಸರ್ಕಾರಿ ಆಸ್ಪತ್ರೆಗೆ ಈ ಕಾನೂನು ಯಾಕಿಲ್ಲ? ಸೇನ್ ಸಮಿತಿಯೇ ಸರ್ಕಾರಿ ಆಸ್ಪತ್ರೆಗಳನ್ನೂ ಸೇರಿಸಿ ಅಂದಿತ್ತು, ಮಸೂದೆ ಬರೆದವರು ಬಿಟ್ಟರು ಅನ್ನುವುದು ಅವರ ಆರೋಪ.

ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಡಾಕ್ಟರುಗಳ ಪರ ನಿಂತಿತು. ಚುನಾವಣೆಗೆ ಆರು ತಿಂಗಳೂ ಇರಲಿಲ್ಲ, ಒಪಿಡಿ ಮುಚ್ಚಿ ಜನ ಪರದಾಡುವಾಗ ಸರ್ಕಾರದತ್ತ ಬೊಟ್ಟು ಮಾಡುವುದು ಸುಲಭ. ಆಡಳಿತ ಪಕ್ಷದ ಒಳಗೂ ಗುಸುಗುಸು ಇತ್ತು. ಆರೋಗ್ಯ ಹಕ್ಕಿನ ಹೋರಾಟಗಾರರದು ಪೂರ್ತಿ ಉಲ್ಟಾ ದಾರಿ. ಅವರಿಗೆ ಮೊದಲಿನ ಮಸೂದೆ ಬೇಕಿತ್ತು. ಮಾತುಕತೆಯಲ್ಲಿ ಖಾರ ಕಮ್ಮಿಯಾಗುತ್ತ ಬಂದ ಹಾಗೆ ಅವರೂ ಹೀಗೆ ಬೇಡ ಅನ್ನತೊಡಗಿದರು. ಕೊನೆಗೆ ಬೇಡ ಅನ್ನುವವರ ಸಾಲಿನಲ್ಲಿ ಒಬ್ಬರನ್ನೊಬ್ಬರು ಕಂಡರೆ ಆಗದವರು ಅಕ್ಕಪಕ್ಕ ನಿಂತಿದ್ದರು.

ಇಂಥದ್ದು ಬೇರೆ ಕಡೆಯೂ ಆಗುತ್ತದೆ. ಅದೇ 2017ರಲ್ಲಿ ಅಮೆರಿಕದಲ್ಲಿ ಒಬಾಮಾಕೇರ್, ಅಂದರೆ ಒಬಾಮಾ ಕಾಲದ ಆರೋಗ್ಯ ವಿಮೆಯ ಕಾನೂನನ್ನು ತೆಗೆಯುವ ಮಸೂದೆ ಬಂತು. ಅಲ್ಲಿನ ರಿಪಬ್ಲಿಕನ್ ಪಕ್ಷದ ಕಟ್ಟಾ ಬಲಪಂಥೀಯರು ಇದು ಒಬಾಮಾಕೇರನ್ನು ಪೂರ್ತಿ ಕಿತ್ತುಹಾಕುವುದಿಲ್ಲ, ಬೇಡ ಅಂದರು. ಅದೇ ಪಕ್ಷದ ಮೆತ್ತನೆಯವರು ಬಡವರ ವಿಮೆ ಹೋಗುತ್ತದೆ, ಬೇಡ ಅಂದರು. ಮಾರ್ಚ್‌ನಲ್ಲಿ ಮಸೂದೆ ವೋಟಿಗೇ ಬರದೆ ವಾಪಸಾಯಿತು. ಮೇ ತಿಂಗಳಲ್ಲಿ ತಿದ್ದಿ ತಂದಾಗ ಕೆಳಮನೆ 217-213ರಲ್ಲಿ ಒಪ್ಪಿತು. ಜುಲೈ 28ರ ನಡುರಾತ್ರಿ ಸೆನೆಟ್‌ನಲ್ಲಿ ಅದರ ತೆಳು ರೂಪವೂ 49-51ರಲ್ಲಿ ಬಿತ್ತು. ಅಲ್ಲಿ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತಿತ್ತು.

ನಮ್ಮಲ್ಲಿ ಹಾಗಾಗಲಿಲ್ಲ. ಎಳೆಯುವ ಬಲ ಒಂದೇ ಕಡೆ ಇತ್ತು. ನವೆಂಬರ್ 13ರಂದು ಬೆಳಗಾವಿಯಲ್ಲಿ ಅಧಿವೇಶನ ಶುರುವಾದಾಗ ರಾಜ್ಯದ ಮೂಲೆ ಮೂಲೆಯಿಂದ ಡಾಕ್ಟರುಗಳು ಅಲ್ಲಿಗೆ ಹೋದರು. ಖಾಸಗಿ ಒಪಿಡಿಗಳು ಮುಚ್ಚಿದವು. ಹೈಕೋರ್ಟ್ ಮಧ್ಯೆ ಬಂತು, ಮುಖ್ಯಮಂತ್ರಿ ಮಾತುಕತೆಗೆ ಕೂತರು, 17ಕ್ಕೆ ಮುಷ್ಕರ ಮುಗಿಯಿತು. ಹೋರಾಟಗಾರರ ಕೈಯಲ್ಲಿ ಮುಚ್ಚುವುದಕ್ಕೆ ಯಾವ ಬಾಗಿಲೂ ಇರಲಿಲ್ಲ, ಅಲ್ವಾ? ಅದೇ ಅಧಿವೇಶನದಲ್ಲಿ ಮಸೂದೆ ಪಾಸಾಯಿತು. ದರ ನಿಗದಿ ಸರ್ಕಾರಿ ಯೋಜನೆಗಳ ಅಡಿ ಬರುವ ರೋಗಿಗಳಿಗೆ ಮಾತ್ರ ಉಳಿಯಿತು. ಡಾಕ್ಟರುಗಳನ್ನು ಹೆದರಿಸಿದ್ದ ಜೈಲಿನ ಮಾತು ಹೋಯಿತು. ದೂರು ಕೇಳುವ ಪ್ರಾಧಿಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಗೆ ಬಂತು. ಹೆಣ ಹಿಡಿದಿಡಬಾರದು ಅನ್ನುವುದು ಉಳಿಯಿತು, ಅಷ್ಟು ಒಳ್ಳೆಯದಾಯಿತು.

ಈ ಜಗಳ ಕರಾವಳಿಗೆ ತಾಗಿದ್ದು ಸ್ವಲ್ಪ ಬೇರೆ ಥರ. ದಕ್ಷಿಣ ಕನ್ನಡ, ಉಡುಪಿ ಎರಡರಲ್ಲೂ ಇವತ್ತಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಇಲ್ಲ. ಖಾಸಗಿ ಕಾಲೇಜುಗಳು ಮಾತ್ರ ಒಂದರ ಪಕ್ಕ ಒಂದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮರದಡಿ ಔಷಧಿ ಕೊಡಲು ಕೂತಾಗಲೇ ಇದು ಶುರುವಾಯಿತು ಅನ್ನಬಹುದು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಅಲ್ಲಿನ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ಸರ್ಕಾರಿ ವೆನ್ಲಾಕ್‌ನಲ್ಲಿ. ಸರ್ಕಾರಿ ಆಸ್ಪತ್ರೆ, ಖಾಸಗಿ ಕಾಲೇಜು ಅನ್ನುವ ಗೆರೆ ನಮ್ಮಲ್ಲಿ ಆಗಿನಿಂದಲೇ ಮಸುಕು.

ಆದ್ದರಿಂದಲೇ ಇಲ್ಲಿನವರು ಬಿಲ್ ಇಳಿಸುವುದಕ್ಕೆ ಕಾನೂನಿಗೆ ಕಾಯಲಿಲ್ಲ, ಕಾರ್ಡ್ ಮಾಡಿಸಿಕೊಂಡರು. ಮಣಿಪಾಲದ ಆರೋಗ್ಯ ಕಾರ್ಡ್, ಧರ್ಮಸ್ಥಳದ ಸಂಪೂರ್ಣ ಸುರಕ್ಷಾ, ಸೊಸೈಟಿಯ ಯಶಸ್ವಿನಿ. ನಮ್ಮ ಮನೆಯ ಕಪಾಟಿನಲ್ಲೇ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡ್‌ಗಳ ಕಟ್ಟು ಒಂದಿದೆ. 2018ರಲ್ಲಿ ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ಬಂದು, ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ. ಆದರೆ ಎಮರ್ಜೆನ್ಸಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಬೇಕು. ಹಾಗಾಗಿ ಖಾಸಗಿಗೆ ಹೋಗುವ ದಾರಿಯೂ ವೆನ್ಲಾಕ್ ಕೌಂಟರಿನ ಮುಂದಿನಿಂದಲೇ ಹಾದುಹೋಯಿತು. ಸರ್ಕಾರ ದರ ನಿಗದಿ ಮಾಡಬಹುದು ಅಂತ ಕೊನೆಗೆ ಉಳಿದದ್ದೂ ಈ ರೋಗಿಗಳಿಗೆ ಮಾತ್ರ.

ಆಮೇಲಿನ ಕಥೆಯೇ ಮಜಾ. 2020ರ ಜೂನ್‌ನಲ್ಲಿ ಕೊರೊನಾ ಏರುತ್ತಿತ್ತು, ಅಧಿಕಾರದಲ್ಲಿ ಬಿಜೆಪಿ. ಯಡಿಯೂರಪ್ಪ ಸರ್ಕಾರವೇ ಖಾಸಗಿ ಆಸ್ಪತ್ರೆಗಳಿಗೆ ಕೊರೊನಾ ಚಿಕಿತ್ಸೆಯ ದರ ನಿಗದಿ ಮಾಡಿತು. ಸರ್ಕಾರ ಕಳಿಸಿದ ರೋಗಿಗೆ ಜನರಲ್ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ತಾನಾಗಿ ಬಂದು ಹಣ ಕಟ್ಟುವವನಿಗೆ 10,000, ವೆಂಟಿಲೇಟರ್ ಇರುವ ಐಸಿಯು ಆದರೆ 25,000. ಮೂರು ವರ್ಷದ ಹಿಂದೆ ಆಗುವುದೇ ಇಲ್ಲ ಅಂದಿದ್ದ ಕೆಲಸ ಒಂದು ಆದೇಶದಲ್ಲಿ ಆಯಿತು. ಹಣ ಕಟ್ಟುವವನಿಗೂ ಸೇರಿ! 2024ರ ಜುಲೈನಲ್ಲಿ ಡೆಂಗ್ಯೂ ಜೋರಾದಾಗ ಕಾಂಗ್ರೆಸ್ ಸರ್ಕಾರ ಪರೀಕ್ಷೆಗೆ ರೇಟು ಹಾಕಿತು. ಎಲೈಸಾ ಒಂದಕ್ಕೆ 300 ರೂಪಾಯಿ, ರ‍್ಯಾಪಿಡ್ ಕಾರ್ಡಿಗೆ 250. ಆಗ ಯಾರೂ ಬೆಳಗಾವಿಗೆ ಹೋಗಲಿಲ್ಲ. ಜ್ವರ ಊರಿಗೇ ಬಂದಾಗ ಪಕ್ಷಗಳಿಗೆ ಸಿಗುವ ಧೈರ್ಯ ಉಳಿದ ದಿನಗಳಲ್ಲಿ ಎಲ್ಲಿ ಹೋಗುತ್ತದೋ.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಅದೇ ಕ್ಲಿನಿಕ್ಕಿಗೆ ಹೋಗಿದ್ದೆ. ಹೊರಗೆ ಹೊಸ ನೀಲಿ ಬೋರ್ಡ್, ಅದರಲ್ಲಿ ಕೆಪಿಎಂಇ ನೋಂದಣಿ ಸಂಖ್ಯೆ ದೊಡ್ಡದಾಗಿ ಬರೆದಿದೆ. ದರಪಟ್ಟಿ ಎಲ್ಲಿ ಅಂತ ಕೇಳಿದೆ. ಕೌಂಟರಿನ ಹುಡುಗಿ ನನ್ನ ಮುಖ ಒಮ್ಮೆ ನೋಡಿ, ಡ್ರಾಯರ್ ಎಳೆದು, ಲ್ಯಾಮಿನೇಟ್ ಮಾಡಿದ ಒಂದು ಹಾಳೆ ತೆಗೆದು ಕೊಟ್ಟಳು. ಓದಿ ಆದ ಮೇಲೆ ವಾಪಸ್ ಕೊಡಿ ಅಂದಳು.