ಮೂವರಲ್ಲಿ ಒಬ್ಬರ ಮೇಲೆ ಜಪ್ತಿ ಇದ್ದರೆ ಜಮೀನು ಕೊಳ್ಳಬಹುದಾ?

ಪ್ರಶ್ನೆ: ಎರಡು ಎಕರೆ ಜಮೀನಿಗೆ ಮಾತಾಗಿದೆ. ತಂದೆ ತಾಯಿ ತೀರಿಕೊಂಡ ಮೇಲೆ ಅಣ್ಣ, ತಮ್ಮ, ತಂಗಿ ಮೂವರ ಹೆಸರಿಗೆ ಪೌತಿ ಖಾತೆ ಆಗಿದೆ. ಆದರೆ ಪಹಣಿಯ 11ನೇ ಕಾಲಂನಲ್ಲಿ ತಮ್ಮನ ಸಾಲಕ್ಕೆ ಕೋರ್ಟ್ ಜಪ್ತಿ ಎಂದಿದೆ. 'ಅವನಿಂದ ತಂಗಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ, ಆಮೇಲೆ ನಾವಿಬ್ಬರೇ ಕ್ರಯ ಮಾಡಿಕೊಡುತ್ತೇವೆ' ಎಂದು ಅಣ್ಣ, ತಂಗಿ ಅನ್ನುತ್ತಾರೆ. ಒಪ್ಪಬಹುದಾ?

ಉತ್ತರ: ಒಪ್ಪಬೇಡಿ. ಜಪ್ತಿ ಆದ ಮೇಲೆ ಬರೆದ ಬಿಡುಗಡೆ ಪತ್ರವೂ ಪರಭಾರೆಯೇ (ಆಸ್ತಿಯನ್ನು ಬೇರೆಯವರಿಗೆ ದಾಟಿಸಿದಂತೆಯೇ). ಸಿವಿಲ್ ಪ್ರಕ್ರಿಯಾ ಸಂಹಿತೆಯ 64ನೇ ಕಲಂ ಪ್ರಕಾರ, ಜಪ್ತಿ ತಂದ ಸಾಲಿಗರ (ಸಾಲ ಕೊಟ್ಟವರ) ಮಟ್ಟಿಗೆ ಅದು ನಡೆಯುವುದಿಲ್ಲ. ತಮ್ಮನ ಪಾಲು ತಂಗಿಯ ಕೈ ದಾಟಿ ನಿಮ್ಮ ಕೈಗೆ ಬಂದರೂ ಕೋರ್ಟ್ ಅದನ್ನು ಹರಾಜಿಗೆ ಇಡಬಹುದು.

ಹಾಗಂತ ಜಮೀನು ಬಿಡಬೇಕಿಲ್ಲ. ಇದು ತಮ್ಮನೇ ತನ್ನ ಸ್ವಂತಕ್ಕೆ ಮಾಡಿದ ಸಾಲವಾದರೆ ಅವನ ಮೂರನೇ ಒಂದು ಪಾಲಿಗಷ್ಟೇ ಅಂಟುತ್ತದೆ. ತಂದೆಯೇ ಜಮೀನು ಅಡವಿಟ್ಟು ಸಾಲ ತೆಗೆದಿದ್ದರೆ ಕತೆ ಬೇರೆ. ಆಗ ಸಾಲ ಇಡೀ ಜಮೀನಿನ ಜೊತೆಗೇ ಬರುತ್ತದೆ.

ದಾರಿ ಇಷ್ಟೇ: ತಮ್ಮನಿಗೆ ಸೇರಬೇಕಾದ ಹಣ ಅವನ ಕೈಗೆ ಹೋಗಬಾರದು. ಡಿಕ್ರಿ (ಕೋರ್ಟಿನ ತೀರ್ಪು) ಪ್ರಕಾರ ಬಾಕಿ ಎಷ್ಟಿದೆ ಎಂದು ವಕೀಲರಿಂದ ತಿಳಿದುಕೊಂಡು, ಅಷ್ಟನ್ನು ಅಮಲ್ಜಾರಿ ಕೇಸು (ಆ ಡಿಕ್ರಿಯನ್ನು ಜಾರಿ ಮಾಡಿಸುವ ಕೇಸು) ನಡೆಯುವ ಕೋರ್ಟಿಗೇ ಕಟ್ಟಿಸಿ. ಸಾಲಿಗರಿಗೆ ಹೊರಗೆ ಕೊಟ್ಟು ಸುಮ್ನೆ ರಸೀದಿ ಇಟ್ಟುಕೊಂಡರೆ ಸಾಲದು. ಆ ಪಾವತಿಯನ್ನು ಕೋರ್ಟು ದಾಖಲಿಸಿಕೊಳ್ಳದಿದ್ದರೆ (ಅದೇ ಸಂಹಿತೆಯ ಆರ್ಡರ್ 21, ರೂಲ್ 2) ಅಮಲ್ಜಾರಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಜನ ಎಡವುವುದು ಜಾಸ್ತಿ ಇಲ್ಲೇ. ಜಪ್ತಿ ತೆರವಾದ ಆದೇಶದ ನಕಲು ಪಡೆದು, ಪಹಣಿಯ ನಮೂದು ತೆಗೆಸಿ. ಆಮೇಲೇ ಕ್ರಯಪತ್ರ. ಅದಕ್ಕೆ ಮೂವರೂ ಸಹಿ ಹಾಕಬೇಕು.

ಅಲ್ಲಿಯವರೆಗೆ ಕ್ರಯದ ಕರಾರು ಸಾಕು, ಆದರೆ ಅದನ್ನು ನೋಂದಾಯಿಸಿ. ನಾಳೆ ತಮ್ಮನ ಇನ್ನೊಬ್ಬ ಸಾಲಿಗ ಹೊಸ ಜಪ್ತಿ ತರಬಹುದು, ಅಲ್ವಾ? ಅದಕ್ಕೂ ಮೊದಲೇ ನೋಂದಾಯಿಸಿದ ಕರಾರಿನ ಮೇಲೆ ಕ್ರಯವಾದರೆ, ಅದೇ 64ನೇ ಕಲಮಿಗೆ ಆದ 2002ರ ತಿದ್ದುಪಡಿ ಅಂಥ ಜಪ್ತಿಯಿಂದ ನಿಮ್ಮನ್ನು ಕಾಯುತ್ತದೆ. ಈಗಿರುವ ಜಪ್ತಿಗೆ ಮಾತ್ರ ಇದು ಮದ್ದಲ್ಲ.

ಬಾಕಿ ತಮ್ಮನ ಪಾಲಿನ ಬೆಲೆಗಿಂತ ಜಾಸ್ತಿ ಇದ್ದರೆ, ಉಳಿದಿಬ್ಬರು ಕೈಯಿಂದ ಹಾಕದ ಹೊರತು ನಾನಂತೂ ಮುಂದುವರಿಯುವುದಿಲ್ಲ.

ಇಸಿ (ಋಣಭಾರ ಪತ್ರ) ಖಾಲಿ ಇದೆ ಎಂದು ತೋರಿಸಿದರೂ ಮೈಮರೆಯಬೇಡಿ. ಇಸಿಯಲ್ಲಿ ಬರುವುದು ಉಪನೋಂದಣಿ ಕಚೇರಿಯ ದಾಖಲೆ ಮಾತ್ರ. ನಡೆಯುತ್ತಿರುವ ದಾವೆಗಳು ಅಲ್ಲಿ ಕಾಣದೇ ಇರಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮೂವರ ಹೆಸರನ್ನೂ ಹಾಕಿ ಹುಡುಕಿ. ತೀರಿಕೊಂಡ ತಂದೆಯ ಹೆಸರನ್ನೂ.