ಸಮೃದ್ಧ ಪರಿಸರ, ಮುಪ್ಪಿನ ಮೆದುಳು: ‘ರಿಸರ್ವ್’ ಗ್ರಾಫ್ ಯಾಕೆ ಕಡಿದಾಗಿ ಇಳಿಯುತ್ತೆ?

ಸುತ್ತಲಿನ ಪರಿಸರ ಮೆದುಳನ್ನು ಬದಲಿಸುತ್ತಾ? ಮೊದಲು ಇಲಿಗಳ ಕಥೆ, ಬೇಗ ಮುಗಿಸುತ್ತೇನೆ. ಮನೆಯಲ್ಲಿ ಓಡಾಡಿಕೊಂಡಿದ್ದ ಇಲಿಗಳು ಪಂಜರದವಕ್ಕಿಂತ ಚೆನ್ನಾಗಿ ಕಲಿಯುತ್ತವೆ ಎಂದು ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1947ರಲ್ಲೇ ಹೇಳಿದ್ದರು. 1960ರ ದಶಕದಲ್ಲಿ ಬರ್ಕ್ಲಿಯ ರೋಸೆನ್‌ಜ್ವೈಗ್, ಮೇರಿಯನ್ ಡೈಮಂಡ್ ಮತ್ತವರ ಜೊತೆಗಾರರು ಅಳೆದು ತೋರಿಸಿದರು: ದೊಡ್ಡ ಪಂಜರ, ಜೊತೆಗೆ ಬೇರೆ ಇಲಿಗಳು, ಆಗಾಗ ಬದಲಾಗುವ ಆಟಿಕೆಗಳು ಇರುವ ‘ಸಮೃದ್ಧ’ ಪರಿಸರದಲ್ಲಿ ಕಾರ್ಟೆಕ್ಸ್ (ಮೆದುಳಿನ ಹೊರಪದರ) ದಪ್ಪವಾಗುತ್ತೆ. 1997ರಲ್ಲಿ ಕೆಂಪರ್‌ಮನ್, ಗೇಜ್ ತಂಡಕ್ಕೆ ಇಂಥ ಪಂಜರದಲ್ಲಿದ್ದ ವಯಸ್ಕ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ (ನೆನಪಿಗೆ ಬೇಕಾದ ಮೆದುಳಿನ ಭಾಗ) ಹೊಸ ನರಕೋಶಗಳು ಜಾಸ್ತಿ ಸಿಕ್ಕವು. 1999ರಲ್ಲಿ ಬರೀ ಓಡುವ ಚಕ್ರ ಇಟ್ಟರೂ ಹಾಗೇ ಆಯಿತು. ಅಂದರೆ ‘ಸಮೃದ್ಧ’ ಅನ್ನೋದರಲ್ಲಿ ಆಟಿಕೆಯ ಪಾಲೆಷ್ಟು, ಓಟದ ಪಾಲೆಷ್ಟು ಅಂತ ಬಿಡಿಸಿ ನೋಡಲೇಬೇಕು.

ಈಗ ಮನುಷ್ಯರ ವಿಷಯ. 1988ರಲ್ಲಿ ಕಾಟ್ಜ್‌ಮನ್ ತಂಡ ತೀರಿಹೋದ ವೃದ್ಧರ ಮೆದುಳುಗಳನ್ನು ಪರೀಕ್ಷಿಸಿತು. ಕೆಲವರಲ್ಲಿ ಆಲ್‌ಝೈಮರ್‌ನ ಗುರುತುಗಳು ಧಾರಾಳವಾಗಿದ್ದವು, ಆದರೆ ಬದುಕಿದ್ದಾಗ ಅವರಿಗೆ ಮರೆವಿನ ರೋಗವೇ ಇರಲಿಲ್ಲ! ಇದನ್ನು ವಿವರಿಸಲು ಯಾಕೋವ್ ಸ್ಟರ್ನ್ ಬೆಳೆಸಿದ ವಿಚಾರವೇ ಕಾಗ್ನಿಟಿವ್ ರಿಸರ್ವ್, ಅಂದರೆ ಮೆದುಳಿನ ಮೀಸಲು ಬಲ. ಓದು, ಸವಾಲಿನ ಕೆಲಸ, ಜನರ ಒಡನಾಟ ಇವೆಲ್ಲ ಮೆದುಳಿಗೆ ಹಾನಿಯ ನಡುವೆಯೂ ಕೆಲಸ ನಡೆಸುವ ಬಲ ಕೊಡುತ್ತವೆ ಅನ್ನೋದು ಇದರ ಸಾರ.

ಗಂಟು ಇಲ್ಲಿದೆ. ಹೆಚ್ಚು ಓದಿದವರಲ್ಲಿ ರೋಗ ಪತ್ತೆಯಾದ ಮೇಲೆ ನೆನಪು ಇನ್ನೂ ಬೇಗ ಕುಸಿಯುತ್ತೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಹಾಗಾದರೆ ರಿಸರ್ವ್‌ನಿಂದ ನಷ್ಟವೇ ಆಯ್ತಲ್ವಾ?

ಇಲ್ಲ. ಲೆಕ್ಕ ಹಾಕಿ ನೋಡಿ. ಮೆದುಳಿನ ಹಾನಿಗೆ 0ಯಿಂದ 100ರ ಅಳತೆ ಇಟ್ಟುಕೊಳ್ಳೋಣ (ಅಂಕಿಗಳು ಸುಮ್ನೆ ಉದಾಹರಣೆಗೆ). ಇಬ್ಬರಲ್ಲೂ ಹಾನಿ ವರ್ಷಕ್ಕೆ 5ರಂತೆ ಏರುತ್ತೆ. ರಿಸರ್ವ್ ಕಡಿಮೆ ಇರುವವರಿಗೆ 40ರಲ್ಲೇ ಲಕ್ಷಣ ಕಾಣುತ್ತೆ, ಜಾಸ್ತಿ ಇರುವವರಿಗೆ 70ರಲ್ಲಿ. 90 ಮುಟ್ಟಿದಾಗ ಇಬ್ಬರೂ ಒಂದೇ ಸ್ಥಿತಿಗೆ ಬರುತ್ತಾರೆ. ಮೊದಲನೆಯವರು ಲಕ್ಷಣದಿಂದ ಅಲ್ಲಿಗೆ 10 ವರ್ಷ ತೆಗೆದುಕೊಂಡರೆ, ಎರಡನೆಯವರು 4 ವರ್ಷ. ಅದಕ್ಕೇ ಎರಡನೆಯವರ ನೆನಪಿನ ಗೆರೆ ಕಡಿದಾಗಿ ಇಳಿಯುತ್ತೆ. ಹಾನಿಯ ವೇಗ ಮಾತ್ರ ಇಬ್ಬರಿಗೂ ಒಂದೇ. ಎರಡನೆಯವರು 6 ವರ್ಷ ಹೆಚ್ಚಿಗೆ ಚೆನ್ನಾಗಿ ಬದುಕಿದ್ದು ‘ಪತ್ತೆಯಾದ ದಿನ’ದಿಂದ ಎಳೆದ ಗ್ರಾಫ್‌ನಲ್ಲಿ ಕಾಣೋದೇ ಇಲ್ಲ. ಗ್ರಾಫ್ ಕಂಡಾಗ ಮೊದಲು ಅಡ್ಡಗೆರೆಯ ಸೊನ್ನೆ ಎಲ್ಲಿದೆ ಅಂತ ನೋಡಿ.

ಇನ್ನೊಂದು ಎಚ್ಚರ: ರೋಗ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಕೆಲವರು ಹೊರಗೆ ಹೋಗೋದನ್ನು, ಓದೋದನ್ನು ಕಡಿಮೆ ಮಾಡುತ್ತಾರೆ. ಚಟುವಟಿಕೆ ಕಡಿಮೆಯಾಗಿದ್ದಕ್ಕೆ ರೋಗ ಬಂತೋ, ರೋಗದಿಂದಲೇ ಚಟುವಟಿಕೆ ಕಡಿಮೆಯಾಯಿತೋ? ಬರೀ ಸಮೀಕ್ಷೆಯಿಂದ ಇದು ತಿಳಿಯಲ್ಲ. ಅದಕ್ಕೇ 2011ರ ಎರಿಕ್ಸನ್ ಪ್ರಯೋಗ ನನಗೆ ಮುಖ್ಯ ಅನಿಸುತ್ತೆ. 120 ಹಿರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ವರ್ಷ ನಡಿಗೆ ಮಾಡಿದವರ ಹಿಪೊಕ್ಯಾಂಪಸ್ ಸುಮಾರು 2% ದೊಡ್ಡದಾಯಿತು. ಮೈ ಚಾಚುವ ವ್ಯಾಯಾಮ ಮಾಡಿದವರದ್ದು ಕುಗ್ಗಿತು.