ಮಾತು ಮರೆತರೂ ಕಿವಿ ಮರೆಯದು: ವಿದೇಶಕ್ಕೆ ದತ್ತು ಹೋದ ಮಕ್ಕಳ ಮೊದಲ ಭಾಷೆ

ಈ ವಿಷಯ ಓದುವಾಗ ಕಾಸರಗೋಡಿನ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುವುದು ನಮ್ಮ ಊರಿನ ಅನುಭವವೇ. ಮಂಜೇಶ್ವರದ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುತ್ತದೆ. ಒಂದು ಬಂತೆಂದು ಇನ್ನೊಂದು ಹೋಗುವುದಿಲ್ಲ. ಅದನ್ನೇ ನಂಬಿ, ದತ್ತು ಹೋದ ಮಗುವಿಗೂ ಹಳೆಯ ಭಾಷೆ ಉಳಿದಿರುತ್ತದೆ ಎಂದು ಉತ್ತರ ಬರೆಯುತ್ತೇವೆ. ಇಲ್ಲಿ ಮನೆಮಾತಿಗೆ ಅಜ್ಜಿ ಇದ್ದಾರೆ, ನೆರೆಕರೆ ಇದೆ. ವಿಮಾನ ಹತ್ತಿದ ಮಗುವಿಗೆ ಆ ಮಾತು ಆಡುವವರು ಒಂದೇ ದಿನದಲ್ಲಿ ಯಾರೂ ಇಲ್ಲವಾಗುತ್ತಾರೆ.

ಮೂರು ನಾಲ್ಕು ವರ್ಷದ ಮಗುವಾದರೆ ಕೆಲವೇ ತಿಂಗಳಲ್ಲಿ ಮಾತು ಹೋಗುತ್ತದೆ. ಮೊದಲು ತಾನಾಗಿ ಆಡುವುದು ನಿಲ್ಲುತ್ತದೆ. ಕೇಳಿದರೆ ಅರ್ಥವಾಗುವುದು ಇನ್ನಷ್ಟು ದಿನ ಇರುತ್ತದೆ, ಆಮೇಲೆ ಅದೂ ಇಲ್ಲ. ಸುಮಾರು 12 ವರ್ಷ ದಾಟಿ ಹೋದವರಲ್ಲಿ ಇಷ್ಟು ಪೂರ್ತಿಯಾದ ಮರೆವು ಕಾಣುವುದಿಲ್ಲ.

ಎಷ್ಟು ಪೂರ್ತಿ ಎಂಬುದನ್ನು ಕ್ರಿಸ್ಟೋಫ್ ಪಾಲಿಯೇ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. 3ರಿಂದ 8 ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಬಂದ, ಆಗ ದೊಡ್ಡವರಾಗಿದ್ದ ಎಂಟು ಮಂದಿಗೆ ಹಲವು ಭಾಷೆಗಳ ವಾಕ್ಯ ಕೇಳಿಸಿದರು. ಕೊರಿಯನ್ ಯಾವುದೆಂದು ಗುರುತಿಸುವುದರಲ್ಲಿ ಅವರು ಇತರ ಫ್ರೆಂಚರಿಗಿಂತ ಮುಂದಿರಲಿಲ್ಲ. ಮೆದುಳಿನ ಸ್ಕ್ಯಾನಿನಲ್ಲೂ ಕೊರಿಯನ್ನಿಗೆ ವಿಶೇಷ ಸ್ಪಂದನ ಕಾಣಲಿಲ್ಲ. ಎಂಟು ವರ್ಷ ಅಂದರೆ ಓದಲು ಬರೆಯಲು ಕಲಿತ ವಯಸ್ಸು ಎಂಬುದನ್ನು ನೆನೆದರೆ ಮನಸ್ಸಿಗೆ ನಾಟುವ ಫಲಿತಾಂಶ ಇದು.

ಆದರೆ ಇಲ್ಲಿಗೆ ಟಿಪ್ಪಣಿ ಮುಗಿಸಿದರೆ ಅರ್ಧ ಉತ್ತರವಷ್ಟೇ. ಈ ಪರೀಕ್ಷೆ ಕೇಳಿದ್ದು 'ಈಗ ನೆನಪಿದೆಯೇ' ಎಂದು. 'ಮತ್ತೆ ಕಲಿಸಿದರೆ ಬೇಗ ಬರುತ್ತದೆಯೇ' ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರವೂ ಬೇರೆ.

ನಮಗೆ ಹತ್ತಿರದ ಉದಾಹರಣೆ ತಕಾರ–ಟಕಾರದ್ದು. ಹಿಂದಿಯ ಈ ಎರಡು ಧ್ವನಿಗಳನ್ನು ಇಂಗ್ಲಿಷ್ ಮನೆಯ ಕೂಸು ಆರೇಳು ತಿಂಗಳಿದ್ದಾಗ ಬೇರೆಬೇರೆಯಾಗಿ ಕೇಳುತ್ತದೆ, ವರ್ಷ ತುಂಬುವ ಹೊತ್ತಿಗೆ ಕೇಳುವುದಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲೇ ಇದನ್ನು ತೋರಿಸಿದ್ದರು. 'ಕತ್ತು', 'ಕಟ್ಟು' ಎರಡೂ ಆ ಕಿವಿಗೆ ಒಂದೇ. ಭಾರತದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳ ಬಗ್ಗೆ 2011ರಲ್ಲಿ ಬಂದ ಅಧ್ಯಯನದಲ್ಲಿ ಅವರಿಗೂ ಮೊದಲು ಈ ವ್ಯತ್ಯಾಸ ತಿಳಿಯಲಿಲ್ಲ. ಸ್ವಲ್ಪ ತರಬೇತಿ ಕೊಟ್ಟ ಮೇಲೆ ಅವರು ಹಿಡಿದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಹಿಡಿಯಲಿಲ್ಲ.

2017ರ ನೆದರ್‌ಲ್ಯಾಂಡ್ಸ್ ಅಧ್ಯಯನ ಇನ್ನೂ ಗಟ್ಟಿ. ಕೊರಿಯನ್ನಿನಲ್ಲಿ ಪಕಾರದಂಥ ಮೂರು ಧ್ವನಿಗಳಿವೆ: ಒಂದು ಸಡಿಲ, ಒಂದು ನಮ್ಮ ಮಹಾಪ್ರಾಣದ ಹಾಗೆ, ಇನ್ನೊಂದು ಗಂಟಲು ಬಿಗಿದು ಆಡುವುದು. ಬೆಂಕಿ, ಹುಲ್ಲು, ಕೊಂಬು ಎಂಬ ಮೂರು ಪದಗಳಿಗೆ ಅಷ್ಟೇ ವ್ಯತ್ಯಾಸ. ಕೊರಿಯಾದಿಂದ ಅಲ್ಲಿಗೆ ದತ್ತು ಬಂದು ದೊಡ್ಡವರಾಗಿದ್ದ 29 ಮಂದಿಗೂ ಅಷ್ಟೇ ಸಂಖ್ಯೆಯ ಡಚ್ಚರಿಗೂ ಸುಮಾರು ಎರಡು ವಾರ ಇಂಥ ವ್ಯತ್ಯಾಸ ಕಲಿಸಿದಾಗ ದತ್ತು ಬಂದವರು ಉಚ್ಚಾರದಲ್ಲಿ ಮುಂದೆ ಹೋದರು. ಆರು ತಿಂಗಳ ವಯಸ್ಸಿನೊಳಗೆ ಬಂದವರಿಗೂ ಒಂದೂವರೆ ವರ್ಷದ ಆಸುಪಾಸಿನಲ್ಲಿ ಅಥವಾ ಆಮೇಲೆ ಬಂದವರಿಗೂ ಲಾಭ ಒಂದೇ. ಮಾತು ಬರುವ ಮೊದಲೇ ಕಿವಿ ಧ್ವನಿಗಳ ಪಾಠ ಕಲಿತಿತ್ತು ಎಂದರ್ಥ. ಇದನ್ನು 'ಭಾಷೆ ಉಳಿದಿದೆ' ಎಂದು ಬರೆಯಬೇಡಿ. ಪದವೂ ವ್ಯಾಕರಣವೂ ಹೊಸದಾಗಿಯೇ ಕಲಿಯಬೇಕು. ಸಿಗುವುದು ಧ್ವನಿಯ ಮುಂಗಡ ಮಾತ್ರ.

ಕಿರುಯೋಜನೆಗೆ ಈ ವಿಷಯ ಆರಿಸಿದವರು ತರಬೇತಿಗೆ ಮೊದಲೊಮ್ಮೆ, ನಡುವೆ, ಕೊನೆಗೆ ಹೀಗೆ ಮೂರು ಬಾರಿ ಅಳೆಯಿರಿ. ಅದೇ ವಯಸ್ಸಿನ, ಆ ಭಾಷೆ ಎಂದೂ ಕೇಳದ ಗುಂಪು ಇಲ್ಲದಿದ್ದರೆ ಪ್ರಗತಿಗೆ ಕಾರಣ ಬಾಲ್ಯವೋ ಬರೀ ಅಭ್ಯಾಸವೋ ಹೇಳಲಾಗದು. ಒಬ್ಬರದೇ ದನಿ ಕೇಳಿಸಿದರೆ ಕಲಿಯುವವರು ಧ್ವನಿಯ ಬದಲು ಆ ಗಂಟಲನ್ನೇ ಗುರುತು ಹಿಡಿಯುತ್ತಾರೆ. ಹಲವರ ದನಿ ಬೇಕು.

ಎಲ್ಲಕ್ಕಿಂತ ಮೊದಲು, ಮಗು ಕೇಳಿದ್ದು ಯಾವ ಭಾಷೆ ಎಂದು ಖಚಿತಪಡಿಸಿಕೊಳ್ಳಿ. ಕಡತದಲ್ಲಿ 'ಕೇರಳ' ಎಂದಿದ್ದರೆ ಮಲಯಾಳ ಎಂದುಕೊಳ್ಳುವುದು ಸುಲಭ. ಇಲ್ಲಿನ ಕೂಸು ಕೇಳಿದ್ದು ಕನ್ನಡ, ತುಳು, ಬ್ಯಾರಿ, ಕೊಂಕಣಿ ಯಾವುದೂ ಆಗಿರಬಹುದು. ಮಲಯಾಳದಲ್ಲಿ ತ್ತ–ಟ್ಟಗಳ ನಡುವೆ ಹಲ್ಲಿನ ವಸಡಿಗೆ ನಾಲಗೆ ತಾಗಿಸಿ ಆಡುವ ಮೂರನೆಯದೊಂದಿದೆ, ಕನ್ನಡದಲ್ಲಿಲ್ಲ. ಕನ್ನಡವಷ್ಟೇ ಕೇಳಿದ್ದವರನ್ನು ಆ ಧ್ವನಿಯಿಂದ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ, 'ಎಲ್ಲ ಅಳಿಸಿಹೋಗಿದೆ' ಎಂಬ ಸುಳ್ಳು ತೀರ್ಮಾನ ವರದಿಯಲ್ಲಿ ಕೂರುತ್ತದೆ.